ಅಧ್ಯಕ್ಷರ ಮೆಚ್ಚಿನ ಸಿನಿಮಾ

ಪುಣೆಯ ಶಿವಾಜಿನಗರದ ಬಟ್ಟೆ ವ್ಯಾಪಾರಿ ಸಿದ್ದಲಿಂಗಪ್ಪನವರು ಕನ್ನಡ ಸಂಘದ ಅಧ್ಯಕ್ಷರು. ತಮ್ಮ ಹರೆಯದ ಕಾಲದ ಪ್ರೇಮಹಾಸ್ಯದ ಸಿನಿಮಾವೊಂದನ್ನು ಸಂಘದಲ್ಲಿ ತೋರಿಸಿದರು. ಅದರ ನಾಯಕ, ಈಗ ಮುದುಕರಾದ ಮುಕುಂದರಾಯರನ್ನು ಬೆಂಗಳೂರಿನಿಂದ ಕರೆಸಿ, ತಲೆಗೆ ಪುಣೇರಿ ಪಗಡಿ ತೊಡಿಸಿದರು. ಆಮೇಲೆ ತಾವೇ ಮೈಕು ಹಿಡಿದವರು ಬಿಡಲೇ ಇಲ್ಲ.

"ಜಾತಿ ಜಾತಿ ಅಂತ ಮಗಳನ್ನ ಕೋಣ್ಯಾಗ ಕೂಡಿ ಹಾಕ್ತಾನಲ್ರಿ ಆ ಅಪ್ಪ, ಅವನ್ನ ನೋಡಿ ನಕ್ಕು ನಕ್ಕು ಹೊಟ್ಟಿ ಹುಣ್ಣಾತು. ಪ್ರೀತಿ ಮುಂದ ಜಾತಿ ಯಾವ ಲೆಕ್ಕರೀ?"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವರ ಮಗಳು ರೇಣು.

ಸನ್ಮಾನವಾದ ಮೇಲೆ ಅತಿಥಿಗೆ ಅಧ್ಯಕ್ಷರ ಮನೆಯಲ್ಲೇ ಊಟ ಹಾಕುವುದು ಸಂಘದ ಪದ್ಧತಿ. ರೊಟ್ಟಿ ಬಡಿಸುತ್ತ ರೇಣು ಧೈರ್ಯ ಮಾಡಿದಳು.

"ಅಪ್ಪಾ, ಭೋಸರಿ ಕಾರ್ಖಾನ್ಯಾಗ ಕೆಲಸ ಮಾಡೋ ದತ್ತೂನ್ನ ಮದುವಿ ಆಗಬೇಕಂತ ಮಾಡೀನಿ. ಅವರು ನಮ್ಮ ಜಾತಿಯವರಲ್ಲ."

ಸಿದ್ದಲಿಂಗಪ್ಪನವರು ತಟ್ಟೆ ಪಕ್ಕಕ್ಕೆ ತಳ್ಳಿದರು. ಎದುರಿಗೆ ಅತಿಥಿ ಕೂತಿರುವುದನ್ನೂ ಮರೆತು ಗುಡುಗಿದರು.

"ಹೊಸ್ತಿಲ ದಾಟಿದ್ರ ಕಾಲು ಮುರೀತೀನಿ! ನಡಿ, ಕೋಣ್ಯಾಗ ನಡಿ!"

ಮುಕುಂದರಾಯರು ಬಿದ್ದು ಬಿದ್ದು ನಕ್ಕರು. ಅವರ ಜೊತೆ ಯಾರೂ ನಗಲಿಲ್ಲ.

"ಈಗ ಗೊತ್ತಾಯ್ತು ನೋಡಿ," ಎಂದು ಅವರು ಕಣ್ಣೊರೆಸಿಕೊಂಡರು, "ನಮ್ಮ ಸಿನಿಮಾ ಯಾಕೆ ಇನ್ನೂ ಹಳೇದಾಗಿಲ್ಲ ಅಂತ."