ಕೊಟ್ಟಿಗೆಯಲ್ಲಿ ಒಂದೇ ಪ್ಲಗ್

೧

ಎಲ್ಲಿಂದ ಶುರು ಮಾಡಲಿ? "ಗುಡ್ಡದ ಅರ್ಧ ದಾರಿಯಲ್ಲಿ ಕಾರು ನಿಂತುಹೋಯಿತು" ಎಂದು ಬರೆದೆ. ಒಳ್ಳೆಯ ವಾಕ್ಯ. ಓದುವವರ ಕಾಲರ್ ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಆದರೆ ಕಾರು ಓಡಿಸಬೇಕಾದವಳು ಒಪ್ಪಲಿಲ್ಲ.

"ಎಲ್ಲಿ ನಿಂತಿದೆ? ನಾನಿನ್ನೂ ಮನೆಯಿಂದಾನೇ ಹೊರಟಿಲ್ಲ. ಇನ್ನೊಂದು ಬೂಟು ಹುಡುಕ್ತಾ ಇದೀನಿ."

ವಾಕ್ಯ ಹೊಡೆದು ಹಾಕಿದೆ. ಬೂಟು ಮಂಚದಡಿ ಇದೆ ಎಂದು ಬರೆದೆ. ಅಲ್ಲೇ ಸಿಕ್ಕಿತು.

(ಓದುಗರೇ, ನಿಮಗೂ ವಿಷಯ ತಿಳಿಸಿಬಿಡುತ್ತೇನೆ. ನಮ್ಮ ಸಂಪಾದಕರು ಫೋನ್ ಮಾಡಿ, "ಹಳ್ಳಿ ಕಡೆ ಓಡಾಡೋರಿಗೆ ಎಲೆಕ್ಟ್ರಿಕ್ ಕಾರು ಸರಿಹೋಗುತ್ತೋ ಇಲ್ವೋ, ಅದನ್ನೇ ಕಥೆ ಮಾಡಿ ಕೊಡಿ. ಕೊನೇಲಿ ಹೌದು ಅಥವಾ ಇಲ್ಲ ಅಂತ ಖಡಾಖಂಡಿತವಾಗಿ ಬರಬೇಕು" ಎಂದರು. ನನಗೆ ಕಾರು ಓಡಿಸಲು ಬರುವುದಿಲ್ಲ. ಹಳ್ಳಿಯಲ್ಲಿ ಒಂದು ವಾರ ಪೂರ್ತಿ ಇದ್ದವನೂ ಅಲ್ಲ. ಅದಕ್ಕೇ ನನ್ನನ್ನು ಹಿಡಿದಿರಬೇಕು. ತಿಳಿದವರು ಅಷ್ಟು ಸಲೀಸಾಗಿ ತೀರ್ಪು ಕೊಡುವುದಿಲ್ಲ.)

೨

ಇವಳು ದನಗಳ ಡಾಕ್ಟರ್. ಸುತ್ತಲ ಊರುಗಳಿಗೆಲ್ಲ ಒಬ್ಬಳೇ. ಇವಳ ಅಣ್ಣನದು ಪೆಟ್ರೋಲ್ ಬಂಕು. ಸುತ್ತಲ ಊರುಗಳಿಗೆಲ್ಲ ಅದೂ ಒಂದೇ.

ಇವಳು ಎಲೆಕ್ಟ್ರಿಕ್ ಕಾರು ಕೊಂಡಳು. ಕೊಂಡವಳು ಸುಮ್ಮನೆ ಮನೆಗೆ ಹೋಗಬಾರದಿತ್ತೇ? ನೇರವಾಗಿ ಅಣ್ಣನ ಬಂಕಿಗೆ ತಂದು, ಪೆಟ್ರೋಲಿಗೆ ನಿಂತವರ ಸಾಲಿನ ಪಕ್ಕದಲ್ಲೇ ನಿಲ್ಲಿಸಿ, ಚಕ್ರಕ್ಕೆ ಗಾಳಿ ಹಾಕಿಸಿಕೊಂಡಳು. ಗಾಳಿ ಅಲ್ಲಿ ಪುಕ್ಕಟೆ.

"ಇದು ದನದ ಡಾಕ್ಟ್ರು ಓಡಿಸೋ ಗಾಡಿನಾ ಪುಟ್ಟಿ?" ಎಂದ ಅಣ್ಣ. "ಒಂದಿನ ಗುಡ್ಡದ ಮೇಲೆ ಕೈ ಕೊಡುತ್ತೆ, ನೋಡ್ತಿರು."

"ಕೈ ಕೊಟ್ಟ ದಿನ ಕೀ ತಂದು ನಿನ್ನ ಮೇಜಿನ ಮೇಲೆ ಇಡ್ತೀನಿ ಅಣ್ಣ. ಇದರಿಂದ ಒಂದೇ ಒಂದು ದನಕ್ಕೆ ತೊಂದರೆಯಾದ್ರೂ ಸಾಕು, ಗಾಡಿ ಮಾರಿ ನಿನ್ನ ಹತ್ರಾನೇ ಪೆಟ್ರೋಲ್ ಹಾಕಿಸ್ತೀನಿ."

ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಇನ್ನು ನುಂಗಿಕೊಳ್ಳುವ ಮಾತಲ್ಲ ಅದು.

(ಕಥೆಯಲ್ಲಿ ಪಣ ಏನು ಎಂದು ಕೇಳುವವರಿಗೆ: ಇದೇ. ಕೀ.)

ಈ ಕಡೆ ದನದ ಡಾಕ್ಟರ್ ಬರುತ್ತಾರೆಂದರೆ ಒಂದು ಬಕೆಟ್ ಬಿಸಿನೀರು, ಸಾಬೂನು, ಒಗೆದ ಟವೆಲ್ಲು ಅಂಗಳದಲ್ಲಿ ಸಿದ್ಧವಿರಬೇಕು. ಮೊದಲಿನಿಂದಲೂ ಹಾಗೇ. ಇವಳು ಕಾರು ಕೊಂಡ ಮೇಲೆ ಅದಕ್ಕೆ ಇನ್ನೊಂದು ಸೇರಿಕೊಂಡಿತು: ಕೊಟ್ಟಿಗೆಯ ಪ್ಲಗ್ಗಿನಿಂದ ಅಂಗಳಕ್ಕೆ ಎಳೆದ ವೈರು. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ಮನೆಯವರು ಎಳೆದರು, ಎರಡನೆಯವರು ತಾವೇನು ಕಮ್ಮಿ ಎಂದು ಇನ್ನೂ ಉದ್ದ ಎಳೆದರು. ಇವಳು ಒಳಗೆ ಹಸುವಿನ ಜೊತೆ ಏಗುತ್ತಿದ್ದರೆ ಹೊರಗೆ ಕಾರು ಕರೆಂಟು ಕುಡಿಯುತ್ತಿತ್ತು. ಹೊಟ್ಟೆ ತುಂಬ ಅಲ್ಲ, ಮುಂದಿನ ಮನೆ ಮುಟ್ಟುವಷ್ಟು.

ಇದನ್ನು ನಾನು ಕಲ್ಪಿಸಿದ್ದಲ್ಲ. ಅವಳೇ ಹೇಳಿದ್ದು. (ಅವಳನ್ನು ಕಲ್ಪಿಸಿದ್ದು ನಾನು. ಆ ತಕರಾರು ಆಮೇಲೆ.)

೩

ಆ ದಿನ ಮಧ್ಯಾಹ್ನ ತಗ್ಗಿನ ಮನೆಯ ಹಸುವಿಗೆ ಹೆರಿಗೆ ಕಷ್ಟವಾಗಿತ್ತು. ಅಂಗಳದಲ್ಲಿ ಬಿಸಿನೀರಿತ್ತು, ವೈರಿತ್ತು. ಕಾರಿಗೆ ವೈರು ಸಿಕ್ಕಿಸಿ ಒಳಗೆ ಹೋದಳು. ಹೊರಗೆ ಮೋಡ ಕವಿದಿತ್ತು, ಒಳಗೆ ಮಿಣುಕು ಬಲ್ಬು. ಭುಜದವರೆಗೂ ಕೈ ಒಳಗಿಟ್ಟವಳು ತಿರುಗಿ ನೋಡದೆಯೇ ಕೂಗಿದಳು:

"ಇನ್ನೊಂದು ಲೈಟ್ ಹಾಕ್ರೀ. ಏನೂ ಕಾಣ್ತಿಲ್ಲ."

ಮನೆಯ ಯಜಮಾನ ದೊಡ್ಡ ಲೈಟು ತಂದ. ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಪ್ಲಗ್. ಕಾರಿನ ವೈರು ಕಿತ್ತ, ಲೈಟು ಸಿಕ್ಕಿಸಿದ. ಡಾಕ್ಟ್ರು ಹೇಳಿದ್ದನ್ನು ಮಾಡಿದ, ಅಷ್ಟೆ. ಬೆಳಕಾಯಿತು. ಅವಳಿ ಕರುಗಳು. ಎರಡೂ ಬದುಕಿದವು.

ಕೈ ತೊಳೆಯುತ್ತಿರುವಾಗಲೇ ಗುಡ್ಡದ ಮನೆಯಿಂದ ಫೋನು.

"ಡಾಕ್ಟ್ರೇ, ಕರುವಿನ ಮುಂಗಾಲೆರಡೂ ಹೊರಗೆ ಬಂದಿವೆ. ತಲೆ ಬರ್ತಿಲ್ಲ. ಹಸು ನಿಲ್ತಾನೂ ಇಲ್ಲ."

ಟವೆಲ್ಲು ಹೆಗಲಲ್ಲೇ ಉಳಿಯಿತು. ವೈರು ಕಿತ್ತೆಸೆದು ಹೊರಟಳು. ಗುಡ್ಡದ ಬುಡಕ್ಕೆ ಬಂದ ಮೇಲೆ ಪರದೆಯ ಮೇಲೆ ಕಣ್ಣು ಬಿತ್ತು. ಬ್ಯಾಟರಿ ಏಳು ಪರ್ಸೆಂಟ್.

"ಹೊರಡುವಾಗಲೇ ನೋಡಬೇಕಿತ್ತು," ಎಂದೆ ನಾನು.

"ನೋಡಬೇಕಿತ್ತು. ವೈರ್ ಕೀಳ್ಸಿದ್ದೂ ನಾನೇ, ನೋಡದೆ ಹೊರಟಿದ್ದೂ ನಾನೇ. ಹಾಗೇ ಬರೆದುಕೊಳ್ಳಿ. ಕಾರಿನ ತಲೆಗೆ ಕಟ್ಟಬೇಡಿ."

"ಏಳರಲ್ಲಿ ಗುಡ್ಡ ಹತ್ತುತ್ತಾ?"

"ಒಂದೊಂದು ದಿನ ಆರು ತಿನ್ನುತ್ತೆ, ಒಂದೊಂದು ದಿನ ಎಂಟು."

ಇದಕ್ಕಿಂತ ಒಳ್ಳೆಯ ಜಾಗ ಕಥೆಗಾರನಿಗೆ ಸಿಗುವುದಿಲ್ಲ. ನಾನು ಕೈ ಉಜ್ಜಿಕೊಂಡೆ.

೩, ಮತ್ತೆ

ಮೊದಲ ಮುಕ್ತಾಯ: ಕಾರು ನಿಂತಿತು. ಅವಳು ಓಡಿದಳು. ಕೊಟ್ಟಿಗೆ ತಲುಪುವಷ್ಟರಲ್ಲಿ ಹಸುವಿನ ಕಣ್ಣು ಮುಚ್ಚಿತ್ತು. ಮರುದಿನ ಅಣ್ಣನ ಮೇಜಿನ ಮೇಲೆ ಕೀ.

"ಹಸು ಯಾಕೆ ಸಾಯಬೇಕು?" ಅವಳ ದನಿ ತಣ್ಣಗಿತ್ತು. "ನಿಮ್ಮ ಸಂಪಾದಕರಿಗೆ ಒಂದು ಪದದ ಉತ್ತರ ಬೇಕು ಅಂತ ನನ್ನ ಹಸು ಸಾಯ್ಬೇಕಾ? ಹರೀರಿ ಅದನ್ನ."

ಹರಿದೆ.

ಎರಡನೆಯದು: ಕಾರು ಗುಡ್ಡವನ್ನು ಸರಾಗವಾಗಿ ಏರಿತು. ಮೋಡ ಸರಿಯಿತು. ಹಸಿರು ಹುಲ್ಲು, ಹೊಗೆಯಿಲ್ಲದ ಗಾಳಿ, ಅಂಬಾ ಎಂದ ಕರು.

"ಇದು ಕಥೆನೋ, ಶೋರೂಮ್ ಮುಂದೆ ಹಾಕೋ ಬೋರ್ಡೋ?"

ಅದನ್ನೂ ಹರಿದೆ. (ಅಂಬಾ ಎನ್ನುವ ಕರುವನ್ನು ಮಾತ್ರ ತೆಗೆದಿಟ್ಟುಕೊಂಡಿದ್ದೇನೆ. ಬೇಕಾಗಬಹುದು.)

ಮೂರನೆಯದರಲ್ಲಿ ಅಣ್ಣನನ್ನು ಜೀಪಿನಲ್ಲಿ ಕಳಿಸೋಣ ಎಂದುಕೊಂಡೆ. ಅಣ್ಣ ಕುರ್ಚಿಯಿಂದ ಏಳಲಿಲ್ಲ.

"ಏನ್ರೀ ನಿಮ್ಮ ಲೆಕ್ಕ?" ನನ್ನನ್ನೇ ಕೇಳಿದ. "ನಾನು ಹೋದ್ರೆ ತಂಗಿನ ಸೋಲಿಸೋಕೆ ಹೋದ ಅಂತೀರಿ. ಹೋಗದಿದ್ರೆ ಕಟುಕ ಅಂತೀರಿ. ಮೊದಲಿಂದಾನೂ ನನ್ನ ಬಾಯಲ್ಲಿ ಬರೀ ಕೊಂಕು ಮಾತೇ ಇಟ್ಟಿದೀರಿ. ಅವಳಿಗೆ ಜೀಪ್ ಓಡಿಸೋಕೆ ಕಲಿಸಿದ್ದು ಯಾರು, ಅದನ್ನ ಬರೆದ್ರಾ?"

ಬರೆದಿರಲಿಲ್ಲ. ಈಗ ಬರೆದೆ: ಕಲಿಸಿದ್ದು ಅಣ್ಣನೇ, ಅದೇ ಗುಡ್ಡದ ರಸ್ತೆಯಲ್ಲಿ.

ಅದನ್ನು ಬರೆದದ್ದೇ ತಡ, ಅವನು ತಂಗಿಗೆ ಫೋನ್ ಮಾಡಿದ.

"ಪುಟ್ಟಿ, ಗುಡ್ಡದ ಮನೆಯೋರು ನಂಗೂ ಫೋನ್ ಮಾಡಿದ್ರು. ಎಷ್ಟಿದೆ?"

"ಏಳು."

"ಜೀಪ್ ತರ್ಲಾ?"

ಬೇಡ ಎನ್ನುತ್ತಾಳೆ ಎಂದು ನಾನು ಬರೆದೂ ಬಿಟ್ಟಿದ್ದೆ. ಹಟಮಾರಿ ನಾಯಕಿ, ಓದುಗರಿಗೆ ಹಿಡಿಸುತ್ತಾಳೆ.

"ತಾ," ಎಂದಳು. "ನೀನು ಬರೋ ತನಕ ನಾನು ಕಾಯಲ್ಲ, ಹತ್ತುತ್ತಾ ಇರ್ತೀನಿ. ಆದ್ರೂ ತಾ. ನನಗೋಸ್ಕರ ಅಲ್ಲ, ಹಸುಗೋಸ್ಕರ."

"ಮಾತು ಮಾತೇ ತಾನೆ?"

"ಮಾತು ಮಾತೇ. ನಡುವೆ ನಿಂತ್ರೆ ಕೀ ನಿಂದು."

ನನಗೆ ಸಿಟ್ಟು ಬಂತು. ಇಬ್ಬರೂ ಸೇರಿ ನನ್ನನ್ನು ಬದಿಗಿಟ್ಟು ಕಥೆ ಮುಗಿಸಿಬಿಡುವ ಲಕ್ಷಣ. ಒಂದೇ ವಾಕ್ಯ ಬರೆದೆ: ಆ ಕಡೆಯ ಊರುಗಳಲ್ಲೆಲ್ಲ ಕರೆಂಟು ಹೋಯಿತು.

೫

(ನಾಲ್ಕನೆಯ ಭಾಗ ಸಂಪಾದಕರ ಸಲಹೆಗಳಿಗೆ ಮೀಸಲಾಗಿತ್ತು. ಅದನ್ನು ತೆಗೆದು ಹಾಕಿದ್ದೇನೆ.)

ಕರೆಂಟು ಹೋದರೆ ಗುಡ್ಡದ ಮನೆಯ ವೈರು ದಂಡ ಎಂಬುದು ನನಗೆ ಗೊತ್ತಿತ್ತು. ಬಂಕೂ ನಿಲ್ಲುತ್ತದೆ ಎಂಬುದು ಹೊಳೆದಿರಲಿಲ್ಲ. ನೆಲದಡಿಯ ಟ್ಯಾಂಕಿನಿಂದ ಪೆಟ್ರೋಲ್ ಮೇಲಕ್ಕೆತ್ತುವುದೂ ಕರೆಂಟಿನ ಮೋಟಾರೇ. ಜನರೇಟರ್ ಇದೆ, ಅದರ ಡೀಸೆಲ್ ಮುಗಿದಿದೆ, ಡೀಸೆಲ್ ಇರುವುದೂ ನೆಲದಡಿ. ಇನ್ನು ಜೀಪು? ಸ್ವಂತ ಬಂಕು ಇರುವವನು ಟ್ಯಾಂಕ್ ತುಂಬಿಸಿಕೊಂಡು ಓಡಾಡುತ್ತಾನೆಯೇ? ಅದರ ಪೆಟ್ರೋಲ್ ಮುಳ್ಳು ಕೆಳಗೆ ಮಲಗಿತ್ತು.

ಅಣ್ಣ ನನ್ನ ಕಡೆ ನೋಡಿದ ನೋಟವನ್ನು ಬರೆಯುವುದಿಲ್ಲ. ಮೂಲೆಯಲ್ಲಿದ್ದ ರಬ್ಬರ್ ಪೈಪು ತಂದ. ಸಾಲಿನಲ್ಲಿ ನಿಂತಿದ್ದವನೊಬ್ಬ ತಾನಾಗಿಯೇ ತನ್ನ ಸ್ಕೂಟರಿನ ಮುಚ್ಚಳ ತೆಗೆದ. ಅಣ್ಣ ಪೈಪಿಗೆ ಬಾಯಿಟ್ಟು ಎಳೆದು, ಬಾಯಿಗೆ ಬಂದ ಪೆಟ್ರೋಲ್ ಉಗಿದು, ಉಳಿದದ್ದನ್ನು ಡಬ್ಬಕ್ಕೆ ಇಳಿಸಿ, ಜೀಪಿಗೆ ಸುರಿದು ಹೊರಟ. ಇದ್ಯಾವುದನ್ನೂ ನಾನು ಬರೆಯಬೇಕೆಂದಿರಲಿಲ್ಲ.

ಗುಡ್ಡದಲ್ಲಿ ಅವಳು ಏಸಿ ಆರಿಸಿ, ಕಿಟಕಿ ಇಳಿಸಿ, ನಿಧಾನವಾಗಿ ಹತ್ತುತ್ತಿದ್ದಳು. ಮೂರು ಪರ್ಸೆಂಟ್.

"ಕರೆಂಟು ತೆಗೆದದ್ದು ನಾನು," ಎಂದೆ. "ವಾಪಸ್ ಕೊಡುತ್ತೇನೆ. ಮೇಲೆ ವೈರಿಗೆ ಕರೆಂಟು ಇರುತ್ತದೆ. ಬೇಕಿದ್ದರೆ ಇನ್ನೆರಡು ಪರ್ಸೆಂಟೂ ಬರೆಯುತ್ತೇನೆ."

"ಬೇಡ."

"ಯಾಕೆ?"

"ನೀವು ಕೊಟ್ರೆ ನಾನು ಹತ್ತಿದ ಹಾಗಾಗಲ್ಲ, ನೀವು ಹತ್ತಿಸಿದ ಹಾಗಾಗುತ್ತೆ. ಇಳಿಯುವಾಗ ಚಕ್ರ ಉರುಳೋದರಿಂದಾನೇ ಗಾಡಿ ಒಂಚೂರು ಬ್ಯಾಟರಿ ತುಂಬ್ಕೊಳ್ಳುತ್ತೆ. ಈಗ ಬಾಯಿ ಮುಚ್ಕೊಂಡು ಕೂತಿರಿ, ತಿರುವು ಬಂತು."

ಕೂತೆ. ನನ್ನ ಕಥೆಯಲ್ಲಿ ನನ್ನ ಬಾಯಿಗೇ ಬೀಗ. ನಿಜ ಹೇಳಬೇಕೆಂದರೆ ಆಗ ನನಗೆ ಹೌದೂ ಬೇಡವಾಯಿತು, ಇಲ್ಲವೂ ಬೇಡವಾಯಿತು. ಅವಳು ಮೇಲೆ ಮುಟ್ಟಿದರೆ ಸಾಕಾಗಿತ್ತು.

ಸಂಪಾದಕರ ಫೋನು. "ಏನಾಯ್ತು? ಹತ್ತಿತಾ, ಇಲ್ವಾ? ಶೀರ್ಷಿಕೆಗೆ ಬೇಕು."

"ಹೇಳೋದಿಲ್ಲ," ಎಂದೆ.

"ಗೊತ್ತಿಲ್ವೋ, ಹೇಳೋದಿಲ್ವೋ?"

"ಹೇಳೋದಿಲ್ಲ. ಒಂದು ಗುಡ್ಡ, ಒಂದು ಮಧ್ಯಾಹ್ನ, ಒಬ್ಬಳು ಮರೆತ ಒಂದು ವೈರು. ಇದನ್ನ ಹಿಡ್ಕೊಂಡು ಲೋಕದ ಹಳ್ಳಿಗಳಿಗೆಲ್ಲ ತೀರ್ಪು ಕೊಡೋಕೆ ನಾನು ಯಾರು? ಬೇಕಿದ್ರೆ ಹಾಕಿ, ಬೇಡದಿದ್ರೆ ಕಸದ ಬುಟ್ಟಿಗೆ ಹಾಕಿ." ಫೋನ್ ಇಟ್ಟೆ.

ಪರದೆಯ ಮೇಲಿನ ಅಂಕಿ ಅಳಿಸಿದ್ದೇನೆ, ಓದುಗರೇ. ಹುಡುಕಬೇಡಿ. ಕೊನೆಯ ತಿರುವಿನಾಚೆ, ಗುಡ್ಡದ ಮನೆಯ ಅಂಗಳಕ್ಕೆ ಮಾತ್ರ ನಿಮ್ಮನ್ನು ಕರೆದುಕೊಂಡು ಹೋಗಬಲ್ಲೆ.

ಅಲ್ಲಿ ಬಿಸಿನೀರಿನ ಬಕೆಟ್ಟಿದೆ. ಸಾಬೂನು, ಟವೆಲ್ಲು. ಒಳಗೆ ಹಸು ಮಲಗಿದೆ, ಉಸಿರಾಡುತ್ತಿದೆ. ಮನೆಯಾಕೆ ವೈರಿನ ತುದಿ ಹಿಡಿದು ಅಂಗಳದಂಚಿನಲ್ಲಿ ನಿಂತಿದ್ದಾಳೆ. ಅದರಲ್ಲಿ ಕರೆಂಟಿಲ್ಲ ಎಂದು ಅವಳಿಗೆ ಗೊತ್ತು. ಕೆಳಗಿನಿಂದ ಜೀಪಿನ ಸದ್ದು ಹತ್ತಿರವಾಗುತ್ತಿದೆ. ಒಂದೇ ಗಾಡಿ ಹಿಡಿಸುವ ರಸ್ತೆ. ಅದರ ಮುಂದೆ ಇನ್ನೊಂದು ಗಾಡಿ ಬರುತ್ತಿದೆಯೋ, ಇಲ್ಲವೋ, ಜೀಪೇ ಅದನ್ನು ನೂಕಿಕೊಂಡು ಬರುತ್ತಿದೆಯೋ, ತಿರುವಿನಿಂದಾಚೆಗೆ ಕಾಣುವುದಿಲ್ಲ.

"ಜೀಪ್ ಬಂತು," ಎಂದ ಅವಳ ಗಂಡ ಬಾಗಿಲಿನಿಂದ. "ಇನ್ನು ವೈರ್ ಸುತ್ತಿಡು."

ಅವಳು ಕೈ ಬಿಡಲಿಲ್ಲ.

"ಇರಿ," ಎಂದಳು. "ಡಾಕ್ಟ್ರಮ್ಮನ ಗಾಡಿ ಸದ್ದು ಮಾಡಲ್ಲ."