ಒಂದೇ ಒಂದು ಸಲ ಹಿಂಡಿಸಿದ್ದು

ಆಸ್ಪತ್ರೆಯ ಯಂತ್ರದ ಪರದೆಯ ಮೇಲೆ ಮೊದಲ ಅಲೆ ಎದ್ದಿತು, ಎತ್ತರಕ್ಕೆ, ಗಟ್ಟಿಮುಟ್ಟಾಗಿ, ನೋಡಿ ನಾನ್ ಹೇಳ್ಲಿಲ್ವಾ ಎಂದು ಮೇಷ್ಟ್ರ ಬಾಯಿಗೆ ಬಂದೇಬಿಟ್ಟಿತ್ತು — ಎರಡನೆಯದು ಕುಳ್ಳಾಯಿತು, ಮೂರನೆಯದು ಇನ್ನೂ ಕುಳ್ಳು, ಹೆಂಡತಿಯ ಮಣಿಕಟ್ಟಿಗೆ ಕರೆಂಟು ಕೊಡುತ್ತಿದ್ದ ಹುಡುಗಿ ಇನ್ನೊಂದ್ಸಲ ಮಾಡ್ತೀನಮ್ಮಾ, ಸ್ವಲ್ಪ ಚುರುಕ್ ಅನ್ನತ್ತೆ ಅಂದಳು, ಮಾಡಮ್ಮಾ, ಮನೇಲಿ ದಿನಾ ಚುರುಕು ಮುಟ್ಟಿಸ್ಕೊಂಡು ಅಭ್ಯಾಸ ಇದೆ ಅಂದಳು ಇವಳು, ಮೇಷ್ಟ್ರ ಕಡೆ ನೋಡದೆ. ಆಹಾ, ನಾಲಿಗೆಯ ಸ್ನಾಯುವಾದರೂ ನೆಟ್ಟಗಿದೆ — ಎಲ್ಲಿ, ಸಂಜೆಗೆ ಅದೂ ತೊದಲುತ್ತದೆ, ತೊದಲಿದರೆ ತಾವು ಏನನ್ನುತ್ತಿದ್ದರು, ಬಾಯಲ್ಲೇನು ಬಿಸಿ ಗೆಣಸು ಇಟ್ಕೊಂಡಿದೀಯಾ. ಜನ್ಮವಿಡೀ ಸ್ನಾಯುವಿನ ಪಾಠ ಹೇಳಿದ ಮೇಷ್ಟ್ರ ಗಂಟಲು ಇದು, ಒಂದೊಂದು ಎಳೆಯೂ ಒಂದೊಂದು ಉದ್ದನೆಯ ಜೀವಕೋಶ ಕಣ್ರೋ, ಅದರೊಳಗೆ ದಪ್ಪ ತಂತು, ಸಣ್ಣ ತಂತು, ಈ ಕೈಬೆರಳ ಸಂದಿಗೆ ಆ ಕೈಬೆರಳು ಜಾರಿದ ಹಾಗೆ ಜಾರಿದರೆ ಸ್ನಾಯು ಕುಗ್ಗುತ್ತೆ, ಜಾರು ಅನ್ನೋರ್ಯಾರು, ನರ, ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೂ ತೂರದ ಸಂದು, ಅಲ್ಲಿ ಕರೆಂಟು ನಿಂತು ರಸ ಜಿನುಗಬೇಕು, ಆಚೆ ದಡದ ಬಾಗಿಲುಗಳು ಅದನ್ನು ಹಿಡಿಯಬೇಕು, ಹಿಡಿದರೆ ಪೊರೆಯ ಮೇಲೆ ಮತ್ತೆ ಕರೆಂಟು ಓಡಿ, ಕೊಳವೆಗಳಲ್ಲಿ ಒಳಗಿಳಿದು ಕ್ಯಾಲ್ಸಿಯಂ ಬಿಡಿಸಬೇಕು — ಬೆಂಚು ಗುದ್ದಿ ಗುದ್ದಿ ಹೇಳಿದ್ದು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ರೀ, ಸಂಜೆಯಾದ್ರೆ ಬಾಚಣಿಗೆ ಎತ್ತಕ್ಕಾಗಲ್ಲ ಎಂದು ಇವಳು ಅತ್ತಾಗ, ಹಿಡಿತ ಅಳೆಯುವ ಯಂತ್ರ ಕಾಲೇಜಿನಿಂದ ತಂದರಲ್ಲ, ಬೆಳಗ್ಗೆ, ನಿದ್ದೆ ಮಾಡಿ ಎದ್ದ ಕೈಗೆ ಕೊಟ್ಟು, ಒಂದೇ ಒಂದು ಸಲ ಹಿಂಡಿಸಿ, ಮುಳ್ಳು ಸರ್ರನೆ ಏರಿದ್ದು ನೋಡಿ, ಏನೂ ಇಲ್ಲ ಕಣೇ, ಸೋಂಬೇರಿತನಕ್ಕೆ ಮದ್ದಿಲ್ಲ — ಅದೂ ಅವಳ ತಂಗಿಯ ಎದುರಿಗೆ, ನಿಮ್ಮಕ್ಕ ನಾಟಕದ ಕಂಪನಿ ಸೇರ್ಬೇಕಿತ್ತು, ತಂಗಿ ನಕ್ಕಳು, ಇವಳೂ ನಕ್ಕಳು, ಎಡಗಣ್ಣಿನ ರೆಪ್ಪೆ ಮಾತ್ರ ಇಳಿಬಿತ್ತು, ನಾನ್ ಮಾತಾಡುವಾಗ ತೂಕಡಿಸ್ತೀಯಾ. ಇನ್ನೊಂದು ಸಲ ಹಿಂಡು ಅಂದಿದ್ದರೆ, ಮತ್ತೊಂದು ಸಲ, ಮತ್ತೊಂದು, ಸೋಲುವುದನ್ನು ಮುಳ್ಳೇ ತೋರಿಸುತ್ತಿತ್ತು, ಈ ಕಾಯಿಲೆಯಲ್ಲಿ ಅರ್ಧ ಬಾಗಿಲು ಮುಚ್ಚಿದ್ದರೂ ಮೊದಲ ಸಲಕ್ಕೆ ರಸ ಧಾರಾಳ, ಆಮೇಲಾಮೇಲೆ ಸಾಲದು, ಇದನ್ನು ಪರೀಕ್ಷೆಯಲ್ಲಿ ಬರೆಯದವರಿಗೆ ಸೊನ್ನೆ ಸುತ್ತಿದ ಕೈ ಇದೇ. ಸರ್, ಎಷ್ಟು ದಿನದಿಂದ ಹೀಗೆ, ಡಾಕ್ಟ್ರು ಕೇಳ್ತಾರೆ, ಬರ್ಕೋಬೇಕು ಅಂದಳು ಹುಡುಗಿ. ಈಗೀಗ ಅಷ್ಟೇ ಅಂದಳು ಇವಳು ಥಟ್ಟನೆ, ಅಯ್ಯೋ, ಈಗಲೂ ಗಂಡನ ಮಾನ ಕಾಯುತ್ತಾಳೆ, ಸುಳ್ಳು ಬರೆದುಕೊಂಡರೆ ಔಷಧಿಯೂ ತಪ್ಪೀತು, ಇಲ್ಲಮ್ಮಾ, ಎರಡು ವರ್ಷ ಆಯ್ತು ಅಂದರು ಮೇಷ್ಟ್ರು, ಯಾರದೋ ಧ್ವನಿಯಲ್ಲಿ. ಅಷ್ಟ್ ದಿನ ಯಾಕ್ ಸರ್ ಕರ್ಕೊಂಡ್ ಬರ್ಲಿಲ್ಲ — ಯಾಕೆ, ಯಾಕೆಂದರೆ, ಬೆಳಗ್ಗೆ, ಯಂತ್ರ, ಒಂದೇ ಸಲ — ಇವಳು ಬಿಡುವಿದ್ದ ಕೈಯ ಬೆರಳಿನಿಂದ ಜೋತ ರೆಪ್ಪೆಯನ್ನು ಎತ್ತಿಹಿಡಿದು ಅವರನ್ನೇ ನೋಡುತ್ತಿದ್ದಳು, ಬೆರಳು ಸೋತು ಜಾರಿತು, ರೆಪ್ಪೆ ಇಳಿಯಿತು, ಮತ್ತೆ ಎತ್ತಿದಳು, ಮತ್ತೆ ರೆಪ್ಪೆ, ರೆಪ್ಪೆ