ಹೆಬ್ಬೆರಳಿನ ಗುಳಿ

ಸಮಸ್ತರಿಗೂ ಈ ಮೂಲಕ ತಿಳಿಸುವುದೇನೆಂದರೆ, ಹಳೇ ಕಾಮಿಕ್ಸ್ ಸಂಗ್ರಾಹಕರ ಸಂಘವು ದೀರ್ಘ ಸಮಾಲೋಚನೆ ಹಾಗೂ ಒಂದು ಮರುವಿಚಾರಣೆಯ ನಂತರ ತನ್ನ ಟೇಬಲ್ ಲ್ಯಾಂಪನ್ನು ಮೇಜಿನ ಎಡತುದಿಯಿಂದ ಬಲತುದಿಗೆ ಸ್ಥಳಾಂತರಿಸಿದೆ.

ನಗಬೇಡಿ. ಆ ಲ್ಯಾಂಪಿನ ಕೆಳಗೆ ಮಾನ ಹೋದವರಿದ್ದಾರೆ. ಸುಕ್ಕಾದ ಹಳೇ ಕಾಮಿಕ್ಸನ್ನು ಹಬೆಗೆ ಹಿಡಿದು, ಬಿಸಿ ಪ್ರೆಸ್ಸಿನಲ್ಲಿಟ್ಟು, ಹೊಸದರ ಹಾಗೆ ಚಪ್ಪಟೆ ಮಾಡಿ ತರುವ ಚಾಲಾಕಿಗಳೆಂದರೆ ಸಂಘಕ್ಕೆ ಆಗದು. ಅವರನ್ನು ಹಿಡಿಯಲು ಲ್ಯಾಂಪನ್ನು ಪುಟದ ಮಟ್ಟಕ್ಕೆ ಇಳಿಸಿ ಬೆಳಕನ್ನು ಓರೆಯಾಗಿ ಬಿಡುತ್ತಾರೆ. ಪುಸ್ತಕದ ಬೆನ್ನು ಅತಿಯಾಗಿ ಸಪಾಟಾಗಿದ್ದರೆ, ಪಿನ್ನಿನ ಅಚ್ಚು ಪಕ್ಕದ ಪುಟಗಳಿಗೂ ಇಳಿದಿದ್ದರೆ ಕಥೆ ಮುಗಿಯಿತು. ಪುಸ್ತಕದ ಮೇಲೆ ಬಿದ್ದ ಒತ್ತಡ ಪತ್ತೆಯಾಗುವಷ್ಟರಲ್ಲಿ ಸದಸ್ಯರ ರಕ್ತದೊತ್ತಡ ಏರಿರುತ್ತದೆ.

ಬೈಂಡಿಂಗ್ ಅಂಗಡಿಯವಳ ಅಪ್ಪನ ಮಾನ ಹೋದದ್ದೂ ಅಲ್ಲೇ. ಅದೇ ಅಂಗಡಿಯಲ್ಲಿ ಕಾಗದ ಕತ್ತರಿಸುತ್ತಾ ಹೆಬ್ಬೆರಳಿನಲ್ಲಿ ಅಡ್ಡಗಾಯದ ಗುರುತು ಉಳಿಸಿಕೊಂಡಿದ್ದ ಮನುಷ್ಯ. ಪುಸ್ತಕದ ವಿಷಯದಲ್ಲಿ ಬಲು ಮಡಿ, ಹಾಗಾಗಿ ಅವನ ಕಾಮಿಕ್ಸಿನಲ್ಲಿ ಒಂದು ಮಡಿಕೆಯೂ ಇರಲಿಲ್ಲ. ಓದಿದ ಪುಸ್ತಕ ಇಷ್ಟು ನೆಟ್ಟಗಿರಲು ಸಾಧ್ಯವೇ ಇಲ್ಲ, ಇದು ಪ್ರೆಸ್ ಮಾಡಿದ್ದೇ ಎಂದು ಅಧ್ಯಕ್ಷರು ತೀರ್ಪಿತ್ತರು. ಸದಸ್ಯತ್ವ ಹೋಯಿತು, 'ಇಸ್ತ್ರಿ ಮೇಷ್ಟ್ರು' ಎಂಬ ಬಿರುದು ಬಂತು. ಆ ಬಿರುದನ್ನು ಹೊತ್ತುಕೊಂಡೇ ಅಪ್ಪ ಹೋದ ವರ್ಷ ತೀರಿಕೊಂಡ. ಮಗಳಿಗೆ ಒಂದೇ ಹಟ: ಸಂಘ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು, ಅಪ್ಪನ ಹೆಸರು ಮತ್ತೆ ಗೋಡೆಯ ಸದಸ್ಯರ ಫಲಕವೇರಬೇಕು.

ಅಂದು ತೀರ್ಪಿಗೆ ಗುರಿಯಾದ ಆ ಪುಸ್ತಕವನ್ನು ಅವಳು ಅಂಗಡಿಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಒಂದು ಬೆಳಿಗ್ಗೆ ತೆಗೆದು ಓರೆ ಬೆಳಕಿಗೆ ಹಿಡಿದರೆ, ಮೊದಲ ಹಾಳೆಯ ಅಂಚಿನಲ್ಲಿ ಒಂದು ಗುಳಿ. ಹೆಬ್ಬೆರಳಿನಗಲ. ನಡುವೆ ಅಡ್ಡಗೆರೆ. ಎದೆ ಹಾರಿತು, ಸಂತೋಷಕ್ಕೆ. ಬಿಸಿ ಪ್ರೆಸ್ಸು ಮೊದಲು ನುಂಗುವುದೇ ಇಂಥ ಗುಳಿಗಳನ್ನು. ಗುಳಿ ಇದೆಯೆಂದರೆ ಪುಸ್ತಕ ಪ್ರೆಸ್ಸು ಕಂಡಿಲ್ಲ. ಅಪ್ಪನ ಪರವಾಗಿ ಅಪ್ಪನ ಬೆರಳೇ ಸಾಕ್ಷಿ ಹೇಳುತ್ತಿತ್ತು.

ಮರುದಿನ ಅಮ್ಮನಿಗೆ ತೋರಿಸಲು ಬೀಗ ತೆಗೆದಳು. ಮೊದಲ ಹಾಳೆ ನುಣ್ಣಗಿತ್ತು. ಗುಳಿ ಎರಡನೆಯ ಹಾಳೆಗೆ ಹೋಗಿತ್ತು.

ಅಮ್ಮ ಕನ್ನಡಕ ಏರಿಸಿ ನೋಡಿದಳು, ಹೆದರಲಿಲ್ಲ. "ಅವರು ಯಾವತ್ತೂ ಹೀಗೇ. ದಿನಕ್ಕೊಂದೇ ಹಾಳೆ. ಬೇಗ ಮುಗಿದ್ರೆ ಬೇಜಾರು ಅಂತಿದ್ರು."

"ಅಮ್ಮಾ, ಅಪ್ಪ ಇಲ್ಲ."

"ಗೊತ್ತು ಕಣೇ. ಬದುಕಿದ್ದಾಗ ಪುಸ್ತಕ ಹಿಡಿದ್ರೆ ಇದ್ದೂ ಇಲ್ಲದ ಹಾಗಿದ್ರು. ಈಗ ಇಲ್ದೇನೂ ಇದ್ದಾರೆ, ಅಷ್ಟೇ ವ್ಯತ್ಯಾಸ."

ಮಗಳು ಗುಳಿಯಲ್ಲಿ ಬೆರಳಿಟ್ಟಳು. ಬೆಚ್ಚಗಿತ್ತು. ದಿನ ಕಳೆದಂತೆ ಅದು ಹಾಳೆಯಿಂದ ಹಾಳೆಗೆ ಸಾಗಿತು, ದಾಟಿ ಬಂದ ಹಾಳೆ ತಾನೇ ನೆಟ್ಟಗಾಗುತ್ತಿತ್ತು. ಅಪ್ಪನ ಪುಸ್ತಕ ಅಷ್ಟು ನೆಟ್ಟಗಿದ್ದ ಗುಟ್ಟು ಅವಳಿಗೆ ಆಗ ಹೊಳೆಯಿತು. ಜೊತೆಗೇ ಇನ್ನೊಂದೂ ಹೊಳೆಯಿತು: ಅಪ್ಪ ಓದಿ ಮುಗಿಸಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ.

ತೀರಿಕೊಂಡ ಸದಸ್ಯರ ಪರವಾಗಿ ವಾರಸುದಾರರು ಮರುವಿಚಾರಣೆ ಕೇಳಬಹುದೆಂಬ ನಿಯಮ ಸಂಘದಲ್ಲಿತ್ತು. ಅವಳು ಅಧ್ಯಕ್ಷರ ಬೆನ್ನು ಬಿದ್ದು, ಕಾಡಿ ಬೇಡಿ ಸಭೆ ಸೇರಿಸಿದಳು. ಅಷ್ಟರಲ್ಲಿ ಗುಳಿ ಕೊನೆಯ ಹಾಳೆ ತಲುಪಿತ್ತು.

ಸಭೆಯಲ್ಲಿ ಅಧ್ಯಕ್ಷರು ಲ್ಯಾಂಪನ್ನು ಇಳಿಸಿದರು. ಲ್ಯಾಂಪಿನ ಪಕ್ಕ, ಮೇಜಿನ ಎಡತುದಿಯಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿ ಖಾಲಿಯಿತ್ತು. ಗುಳಿಯ ಮೇಲೆ ನೆರಳು ತುಂಬಿಕೊಂಡಿತು, ಅಡ್ಡಗೆರೆ ಎದ್ದು ಕಂಡಿತು. ಅಧ್ಯಕ್ಷರು ಅದನ್ನು ಮುಟ್ಟಿ, ಕಾದ ಕಾವಲಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಪ್ರೆಸ್ ಮಾಡಿಲ್ಲ," ಎಂದರು. ಅವಳ ಕಣ್ಣು ತುಂಬಿ ಬಂತು. ಗೋಡೆಯ ಫಲಕದಲ್ಲಿ ಅಪ್ಪನ ಹೆಸರಿಗೆ ಜಾಗ ಎಲ್ಲಿದೆಯೆಂದು ಆಗಲೇ ನೋಡಿಕೊಂಡಳು.

ಅಧ್ಯಕ್ಷರು ಭೂತಗನ್ನಡಿಯಲ್ಲಿ ಇನ್ನೊಮ್ಮೆ ಬಗ್ಗಿ ನೋಡಿದರು. ಭೂತ ಕಂಡೀತೆಂದು ಬಹುಶಃ ಅಂದುಕೊಂಡಿರಲಿಲ್ಲ. ಹಳೇ ಗುಳಿಯ ಅಂಚಿನಲ್ಲಿ ಧೂಳು ಕೂತಿರುತ್ತದೆ, ಇದರಲ್ಲಿ ಇಲ್ಲ, ಇದು ಇವತ್ತಿನದು ಎಂದರು. ಬೆರಳು ಯಾರದೆಂದು ಅಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಆ ಗಾಯವನ್ನು ಕಂಡಿದ್ದವರೇ.

"ನೋಡಮ್ಮ," ಅಧ್ಯಕ್ಷರು ಖಾಲಿ ಕುರ್ಚಿಯ ಕಡೆ ನೋಡದೆ ಹೇಳಿದರು, ಆದರೂ ನಿಯಮ ಬಿಡಲಿಲ್ಲ. "ವಾರಸುದಾರರು ಕೇಳ್ಬೇಕಾದ್ರೆ ಸದಸ್ಯರು ಹೋಗಿರ್ಬೇಕು. ಇವರಿನ್ನೂ ಓದ್ತಾ ಇದ್ದಾರೆ. ಓದ್ತಾ ಇರೋರ ಪರವಾಗಿ ನೀನು ಕೇಳೋ ಹಾಗಿಲ್ಲ. ಅವರೇ ಬಂದು ಕೇಳ್ಬೇಕು."

"ಬಂದಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದಳು.

ಎಡತುದಿಯ ಖಾಲಿ ಕುರ್ಚಿ ಒಮ್ಮೆ ಕಿರುಗುಟ್ಟಿತು. ಲ್ಯಾಂಪಿನ ಕೆಳಗೆ ಗುಳಿ ಮೆಲ್ಲಗೆ ಮೇಲೆದ್ದು, ಅಡ್ಡಗೆರೆ ಮಾಯವಾಗಿ, ಕೊನೆಯ ಹಾಳೆ ಇಸ್ತ್ರಿ ಹಾಕಿದಷ್ಟು ನುಣ್ಣಗಾಯಿತು. ಹೊದಿಕೆ ತಾನಾಗಿ ಮುಚ್ಚಿಕೊಂಡಿತು.

ಈಗ ಸದಸ್ಯರು ಹೋದರು, ಇನ್ನಾದರೂ ಕೇಳಬಹುದಲ್ಲ ಎಂದು ಅವಳು ಅಂದಳು. ಕೇಳಬಹುದು, ಸಾಕ್ಷಿ ತೋರಿಸಮ್ಮ ಎಂದರು ಅಧ್ಯಕ್ಷರು, ಕುರ್ಚಿಯ ಕಡೆ ಬೆಳಕು ಬೀಳದಂತೆ ಲ್ಯಾಂಪನ್ನು ಬಲಕ್ಕೆ ಸರಿಸುತ್ತಾ.